ಬೇಟೆಯ ಲೆಕ್ಕದಿಂದ ಬಾತುಗಳ ಮರಿ ಲೆಕ್ಕ ಸಿಗುತ್ತದಾ?

ಕೆರೆಕೋಡಿ:
ಜನವರಿ ನೀರುಹಕ್ಕಿ ಗಣತಿಗೆ ಕೆರೆಗಳನ್ನು ಹಂಚುವಾಗ ಎದ್ದ ಪ್ರಶ್ನೆ ಇದು. ವಾಟ್ಸಾಪ್ ಗುಂಪಿನಲ್ಲಿ ಬಗೆಹರಿಯಲಿಲ್ಲ, ಇಲ್ಲಿ ಹಾಕುತ್ತಿದ್ದೇನೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಒಂದು ಕೋಟಿ ಬಾತು ಬೇಟೆಗೆ ಬೀಳುತ್ತವೆ. ಹೀಗೆ ಬಿದ್ದ ಹಕ್ಕಿಗಳನ್ನು ನೋಡಿಯೇ "ಈ ಸಲ ಮರಿ ಚೆನ್ನಾಗಿ ಆಗಿವೆ" ಅಥವಾ "ಆಗಿಲ್ಲ" ಅಂತ ಅಲ್ಲಿನವರು ಹೇಳುತ್ತಾರೆ. ನನಗಿರುವ ಅನುಮಾನ ಮೂರು. ಬೇಟೆ ಜಾಸ್ತಿ ಆದರೆ ಹಕ್ಕಿ ಜಾಸ್ತಿ ಇವೆ ಅಂತ ಅರ್ಥವಾ? ಸತ್ತ ಹಕ್ಕಿಯಲ್ಲಿ ಮರಿ ಯಾವುದು, ಬಲಿತದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಬಂದೂಕಿನ ಸದ್ದೇ ಇಲ್ಲದ ನಮ್ಮ ಹೆಸರಘಟ್ಟ, ಜಕ್ಕೂರಿಗೆ ಇದರಿಂದ ಏನಾದರೂ ಉಪಯೋಗ ಉಂಟಾ?

ಲೆಕ್ಕದಪುಸ್ತಕ:
ಮೊದಲನೆಯದಕ್ಕೆ ನೇರ ಉತ್ತರ: ಇಲ್ಲ. ಬಿದ್ದ ಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ನಾಲ್ಕು ವಿಷಯ ಬೆರೆತಿರುತ್ತವೆ: ಎಷ್ಟು ಜನ ಬೇಟೆಗೆ ಹೋದರು, ಎಷ್ಟು ದಿನ ಹೋದರು, ಒಬ್ಬರು ದಿನಕ್ಕೆ ಹೊಡೆಯಬಹುದಾದ ಹಕ್ಕಿಗಳ ಮಿತಿ ಎಷ್ಟಿತ್ತು, ಹಕ್ಕಿ ಎಷ್ಟಿದ್ದವು. ಮಿತಿಯನ್ನು ಮೂರರಿಂದ ಆರಕ್ಕೆ ಏರಿಸಿದ ವರ್ಷ ಹಕ್ಕಿ ಒಂದೂ ಹೆಚ್ಚದೆ ಬೇಟೆ ಏರುತ್ತದೆ. ಉತ್ತರದಲ್ಲಿ ಕೆರೆ ಬೇಗ ಹೆಪ್ಪುಗಟ್ಟಿದರೆ ಬಾತುಗಳೆಲ್ಲ ದಕ್ಷಿಣಕ್ಕೆ ಒಮ್ಮೆಲೇ ಇಳಿಯುತ್ತವೆ. ಆಗ ಒಂದು ರಾಜ್ಯದಲ್ಲಿ ಸುಗ್ಗಿ, ಪಕ್ಕದಲ್ಲಿ ಬರ.

ಹಾಗಾಗಿ ಹಕ್ಕಿ ಎಷ್ಟಿವೆ ಅನ್ನುವುದನ್ನು ಅವರು ಬೇಟೆಯಿಂದ ಅಳೆಯುವುದೇ ಇಲ್ಲ, ಅದಕ್ಕೆ ಬೇರೆ ಸಮೀಕ್ಷೆ ಇದೆ. 1955ರಿಂದ ಪ್ರತಿ ಮೇ ತಿಂಗಳು ಅಲಾಸ್ಕಾ, ಕೆನಡಾ, ಉತ್ತರದ ಹುಲ್ಲುಗಾವಲು ರಾಜ್ಯಗಳ ಮೇಲೆ ಸಣ್ಣ ವಿಮಾನ ಹಾರಿಸಿ ಎಣಿಸುತ್ತಾರೆ. ನೆಲದಿಂದ ಎತ್ತರ 30ರಿಂದ 45 ಮೀಟರ್ ಅಷ್ಟೇ. ನೇರ ಗೆರೆಯ ಹಾದಿ, ಅದನ್ನು 18 ಮೈಲಿಯ ತುಂಡುಗಳಾಗಿ ಮಾಡಿಕೊಂಡಿರುತ್ತಾರೆ. ಎಡಬಲಕ್ಕೆ ತಲಾ 200 ಮೀಟರ್ ಒಳಗಿನದನ್ನು ಮಾತ್ರ ಬರೆಯಬೇಕು. ಒಂಟಿ ಗಂಡು ಕಂಡರೆ ಎರಡು ಹಕ್ಕಿ ಅಂತ ಲೆಕ್ಕ, ಯಾಕೆಂದರೆ ಹೆಣ್ಣು ಗೂಡಿನ ಮೇಲೆ ಕೂತಿದೆ ಅಂತ ಅರ್ಥ. ಆಮೇಲೆ ಅದೇ ಹಾದಿಯ ಕೆಲವು ತುಂಡುಗಳಲ್ಲಿ ಜನ ನಡೆದು ಪೂರ್ತಿ ಎಣಿಸುತ್ತಾರೆ. ನಡೆದವರಿಗೆ 100 ಸಿಕ್ಕಿ ವಿಮಾನಕ್ಕೆ 40 ಕಂಡಿದ್ದರೆ ತಿದ್ದುಗುಣಕ 2.5. ಇದು ಜಾತಿಗೊಂದು ಬೇರೆ. ಮಲ್ಲಾರ್ಡ್ ಅನ್ನುವ ದೊಡ್ಡ ಬಾತು ಮೇಲಿನಿಂದ ಕಾಣುತ್ತದೆ, ಟೀಲ್ ಅನ್ನುವ ಪುಟ್ಟ ಬಾತು ಹುಲ್ಲಲ್ಲಿ ಕರಗಿಹೋಗುತ್ತದೆ.

ಹೀಗೆ ಬಂದ ಒಟ್ಟು ಬಾತುಗಳ ಸಂಖ್ಯೆ 2015ರಲ್ಲಿ 4.95 ಕೋಟಿ, ಅಲ್ಲಿಗೆ ಅದೇ ದಾಖಲೆ. 2022ರಲ್ಲಿ 3.42 ಕೋಟಿ, 2023ರಲ್ಲಿ 3.23 ಕೋಟಿ. 2020 ಮತ್ತು 2021ರಲ್ಲಿ ಕೋವಿಡ್ ಕಾರಣ ವಿಮಾನ ಹಾರಲಿಲ್ಲ, ಆ ಎರಡು ವರ್ಷ ಪಟ್ಟಿ ಖಾಲಿ. ಇವು ಮೇ ತಿಂಗಳ ಸಂಖ್ಯೆ, ಅಂದರೆ ಮೊಟ್ಟೆ ಇಡಲು ಬಂದ ದೊಡ್ಡ ಹಕ್ಕಿಗಳದ್ದು. ಶರತ್ಕಾಲದಲ್ಲಿ ದಕ್ಷಿಣಕ್ಕೆ ಹಾರುವಾಗ ಆ ವರ್ಷದ ಮರಿಗಳೂ ಸೇರಿಕೊಂಡಿರುತ್ತವೆ. ಒಂದು ಕೋಟಿ ಬೇಟೆಯನ್ನು ಮೇ ತಿಂಗಳ ಸಂಖ್ಯೆಯಿಂದ ಭಾಗಿಸಿ "ಮೂರಕ್ಕೊಂದು ಹಕ್ಕಿ ಹೋಯ್ತು" ಅನ್ನುವವರು ಎಡವುವುದು ಇಲ್ಲೇ.

ರೆಕ್ಕೆಪುಕ್ಕ:
ಎರಡನೆಯದು ನನ್ನ ಇಷ್ಟದ ವಿಷಯ. ಮರಿಗಳ ಲೆಕ್ಕ ಸಿಗುವುದು ರೆಕ್ಕೆಯಿಂದ. 1961ರಿಂದ ಅಲ್ಲಿ ಆಯ್ದ ಬೇಟೆಗಾರರಿಗೆ ಅಂಚೆ ವೆಚ್ಚ ಮೊದಲೇ ಕಟ್ಟಿದ ಲಕೋಟೆ ಕೊಡುತ್ತಾರೆ. ಹೊಡೆದ ಪ್ರತಿ ಬಾತಿನ ಒಂದು ರೆಕ್ಕೆ ಕತ್ತರಿಸಿ, ದಿನಾಂಕ ಮತ್ತು ಜಿಲ್ಲೆ ಬರೆದು ಕಳಿಸಬೇಕು. ಹೆಬ್ಬಾತಾದರೆ ರೆಕ್ಕೆಯ ತುದಿ ಮತ್ತು ಬಾಲದ ಗರಿ. ಬೇಟೆ ಕಾಲ ಮುಗಿದ ಮೇಲೆ ನಾಲ್ಕು ವಲಸೆ ಹಾದಿಗಳಿಗೂ ಒಂದೊಂದು ಕಡೆ ಜೀವಶಾಸ್ತ್ರಜ್ಞರು ಸೇರಿ ಉದ್ದ ಮೇಜುಗಳ ಮೇಲೆ ಸಾವಿರಾರು ರೆಕ್ಕೆಗಳನ್ನು ವಿಂಗಡಿಸುತ್ತಾರೆ. ಮೊದಲು ಜಾತಿ, ಆಮೇಲೆ ಗಂಡು ಹೆಣ್ಣು, ಕೊನೆಗೆ ವಯಸ್ಸು. ಒಬ್ಬರು ಹೇಳಿದ್ದನ್ನು ಅನುಭವಿ ಇನ್ನೊಬ್ಬರು ನೋಡಿ ಒಪ್ಪಬೇಕು.

ವಯಸ್ಸು ಹೇಳುವ ಜಾಗ ಮೈಗೆ ಹತ್ತಿರ ಇರುವ ಒಳಗರಿಗಳು ಮತ್ತು ಅವುಗಳ ಬುಡ ಮುಚ್ಚುವ ಹೊದಿಕೆ ಗರಿಗಳು. ಬಲಿತ ಹಕ್ಕಿಯಲ್ಲಿ ಇವು ಅಗಲ, ತುದಿ ದುಂಡು, ಅಂಚು ನಯ, ಬಣ್ಣ ಗಾಢ. ಆ ವರ್ಷದ ಮರಿಯಲ್ಲಿ ಕಿರಿದು, ತುದಿ ಸವೆದು ಪೊರಕೆ ಕಡ್ಡಿಯ ಹಾಗೆ ಬಿರಿದಿರುತ್ತದೆ, ಬಣ್ಣ ಮಾಸಿರುತ್ತದೆ. ಬಾಲದಲ್ಲಿ ಇನ್ನೂ ಸುಲಭ. ಮರಿಯ ಬಾಲದ ಗರಿ ತುದಿಯಲ್ಲಿ 'ವಿ' ಆಕಾರದ ಕಚ್ಚು. ಮೊಟ್ಟೆಯಿಂದ ಬಂದಾಗಿನ ತುಪ್ಪಳ ಆ ಗರಿಯ ತುದಿಗೇ ಅಂಟಿಕೊಂಡಿರುತ್ತದೆ, ಅದು ಮುರಿದು ಬಿದ್ದ ಜಾಗ ಅದು.

ಕೆಲಸ ಕೆಡುವುದು ಎಲ್ಲಿ ಅಂದರೆ, ಕಾಲ ಕಳೆದ ಹಾಗೆ ಮರಿಯ ಒಳಗರಿ ಉದುರಿ ಹೊಸದು ಬರುತ್ತದೆ. ಡಿಸೆಂಬರ್ ರೆಕ್ಕೆಯಲ್ಲಿ ಒಳಗರಿ ಮಾತ್ರ ನೋಡಿದರೆ ಮರಿಯನ್ನು ಬಲಿತದ್ದು ಅಂತ ಬರೆದುಬಿಡುತ್ತೀರಿ. ಹೊದಿಕೆ ಗರಿಯಲ್ಲಿ ಒಂದೆರಡಾದರೂ ಹಳೆಯದು ಉಳಿದಿದೆಯಾ ಅಂತ ಹುಡುಕಬೇಕು. ಇನ್ನೊಂದು, ಒದ್ದೆ ರೆಕ್ಕೆಯನ್ನು ಹಾಗೇ ಲಕೋಟೆಗೆ ತುರುಕಿದರೆ ದಾರಿಯಲ್ಲೇ ಕೊಳೆತು ಗರಿ ಅಂಟಿಕೊಳ್ಳುತ್ತದೆ. ಮೇಜಿನ ಮೇಲೆ ಬಿಡಿಸುವವರ ಪಾಡು ಬೇಡ.

ಸಂಪಿಗೆರಸ್ತೆ:
ಮರಿಗಳು ಪೆದ್ದು. ನಕಲಿ ಬಾತು ತೇಲಿಬಿಟ್ಟರೆ ಮೊದಲು ಇಳಿಯೋದೇ ಅವು. ಹಾಗಿದ್ರೆ ಲಕೋಟೆಯಲ್ಲಿ ಮರಿ ರೆಕ್ಕೆ ಜಾಸ್ತಿ ಬಂದೇ ಬರುತ್ತೆ. ಅದನ್ನು ನೋಡಿ ಮರಿ ಚೆನ್ನಾಗಾಗಿವೆ ಅನ್ನೋದು, ಗಾಳಕ್ಕೆ ಸಿಕ್ಕ ಮೀನು ನೋಡಿ ಕೆರೆಯಲ್ಲೆಲ್ಲ ಅದೇ ಮೀನು ಅಂದ ಹಾಗಾಯ್ತಲ್ಲ?

ಲೆಕ್ಕದಪುಸ್ತಕ:
ಸರಿಯಾಗಿ ಹಿಡಿದಿರಿ. ಲಕೋಟೆಯಲ್ಲಿ ಬಂದ ಮರಿ-ಬಲಿತವುಗಳ ಹಸಿ ಅನುಪಾತವನ್ನು ಯಾರೂ ನಂಬಬಾರದು. ತಿದ್ದುವುದು ಉಂಗುರಗಳಿಂದ. ಬೇಟೆ ಶುರುವಾಗುವ ಮುಂಚೆ, ಜುಲೈನಿಂದ ಸೆಪ್ಟೆಂಬರ್ ಒಳಗೆ, ಬಾತುಗಳನ್ನು ಬಲೆಗೂಡಿನಲ್ಲಿ ಹಿಡಿದು ವಯಸ್ಸು ನೋಡಿ ಕಾಲಿಗೆ ಉಂಗುರ ಹಾಕಿ ಬಿಡುತ್ತಾರೆ. ಅದೇ ಕಾಲದಲ್ಲಿ ಬೇಟೆಗೆ ಬಿದ್ದು ವರದಿಯಾದವನ್ನು ಮಾತ್ರ ತೆಗೆದುಕೊಳ್ಳಬೇಕು. ಮುಂದಿನ ವರ್ಷ ಸಿಕ್ಕಿದ್ದು ಈ ಲೆಕ್ಕಕ್ಕೆ ಬೇಡ.

ಕೈಲೆಕ್ಕ ಮಾಡಿ ತೋರಿಸುತ್ತೇನೆ, ಅಂಕಿಗಳು ಉದಾಹರಣೆಗೆ ನಾನೇ ಇಟ್ಟುಕೊಂಡವು. 600 ರೆಕ್ಕೆ ಬಂದಿವೆ, ಮರಿ 360, ಬಲಿತವು 240. ಹಸಿ ಅನುಪಾತ 1.5. ಉಂಗುರ ಹಾಕಿದ್ದು ಮರಿ 2000, ಅದರಲ್ಲಿ ಸಿಕ್ಕಿದ್ದು 160, ಅಂದರೆ 8%. ಬಲಿತವು 2000, ಸಿಕ್ಕಿದ್ದು 100, ಅಂದರೆ 5%. ಎಂಟನ್ನು ಐದರಿಂದ ಭಾಗಿಸಿದರೆ 1.6. ಮರಿಗಳು ಗುಂಡಿಗೆ ಸಿಗುವ ಸಾಧ್ಯತೆ ಅಷ್ಟು ಪಟ್ಟು ಹೆಚ್ಚು. 1.5 ಭಾಗಿಸು 1.6, ಅಂದರೆ 0.94. ನಿಜಕ್ಕೂ ಒಂದು ಬಲಿತ ಹಕ್ಕಿಗೆ ಒಂದಕ್ಕಿಂತ ಸ್ವಲ್ಪ ಕಡಿಮೆ ಮರಿ.

ಮುಂದಿನ ವರ್ಷ ರೆಕ್ಕೆಯ ಅನುಪಾತ 1.2ಕ್ಕೆ ಇಳಿಯಿತು ಅಂದುಕೊಳ್ಳಿ. ಎಲ್ಲರೂ ಮರಿ ಕಡಿಮೆ ಆದವು ಅನ್ನುತ್ತಾರೆ. ಆದರೆ ಆ ವರ್ಷ ಉಂಗುರದ ಲೆಕ್ಕದಲ್ಲಿ ಸಿಗುವ ಸಾಧ್ಯತೆ 1.2 ಪಟ್ಟು ಮಾತ್ರ ಇದ್ದರೆ, ತಿದ್ದಿದ ಅನುಪಾತ 1.0. ಮರಿ ಕಡಿಮೆ ಆಗಿಲ್ಲ, ಹೆಚ್ಚೇ ಆಗಿವೆ. ಹಸಿ ಸಂಖ್ಯೆಯಲ್ಲಿ ಸುದ್ದಿ ಉಲ್ಟಾ ಬಂತು.

ಕೆರೆಕೋಡಿ:
ಉಂಗುರ ಸಿಕ್ಕವರೆಲ್ಲ ತಿಳಿಸುತ್ತಾರಾ? ಕೀಲಿಗೊಂಚಲಿಗೆ ಹಾಕಿಕೊಂಡು ಸುಮ್ಮನಿದ್ದುಬಿಟ್ಟರೆ?

ಲೆಕ್ಕದಪುಸ್ತಕ:
ಸುಮ್ಮನಿರುವವರು ಇದ್ದೇ ಇದ್ದಾರೆ. ಮೇಲಿನ ಭಾಗಾಕಾರದಲ್ಲಿ ಅದು ತೊಂದರೆ ಕೊಡುವುದಿಲ್ಲ. ಮರಿಯ ಉಂಗುರಕ್ಕೂ ಬಲಿತದ್ದರ ಉಂಗುರಕ್ಕೂ ಒಂದೇ ಥರದ ಸೋಮಾರಿತನ ಇದ್ದರೆ ಮೇಲೆ ಕೆಳಗೆ ಹೊಡೆದುಹೋಗುತ್ತದೆ. ಆದರೆ ಒಟ್ಟು ಎಷ್ಟು ಪಾಲು ಹಕ್ಕಿ ಬೇಟೆಗೆ ಬಿದ್ದವು ಅನ್ನಲು ವರದಿ ಪ್ರಮಾಣ ಬೇಕೇ ಬೇಕು. ಅದನ್ನು ಅಳೆಯುವ ಉಪಾಯ ಚೆನ್ನಾಗಿದೆ. ಕೆಲವು ಹಕ್ಕಿಗಳಿಗೆ ನೂರು ಡಾಲರ್ ಬಹುಮಾನ ಎಂದು ಬರೆದ ಉಂಗುರ ಹಾಕುತ್ತಾರೆ. ಅದನ್ನು ಯಾರೂ ಮುಚ್ಚಿಡುವುದಿಲ್ಲ. ಮಾಮೂಲಿ ಉಂಗುರ ಅದರ ಎಷ್ಟು ಪಾಲು ಬರುತ್ತದೆ ನೋಡಿದರೆ ಆಯಿತು. ವಿಳಾಸಕ್ಕೆ ಕಾಗದ ಬರೆಯಬೇಕಿದ್ದ ಕಾಲದಲ್ಲಿ ಮಲ್ಲಾರ್ಡ್ ಉಂಗುರಗಳಲ್ಲಿ ಸುಮಾರು ಮೂರಕ್ಕೊಂದು ವರದಿಯಾಗುತ್ತಿತ್ತು. 1990ರ ದಶಕದ ನಡುವೆ ಉಂಗುರದ ಮೇಲೇ ಉಚಿತ ಫೋನ್ ಸಂಖ್ಯೆ ಕೊರೆದ ಮೇಲೆ ಅದು ಸುಮಾರು 70%ಗೆ ಏರಿತು.

ಈ ವಿಷಯ ಗೊತ್ತಿಲ್ಲದೆ ಹಳೆಯ ಪಟ್ಟಿ ನೋಡಿದವರಿಗೆ 1990ರ ದಶಕದಲ್ಲಿ ಬೇಟೆ ದಿಢೀರನೆ ದುಪ್ಪಟ್ಟಾದ ಹಾಗೆ ಕಾಣುತ್ತದೆ. ಹೆಚ್ಚಾದದ್ದರಲ್ಲಿ ದೊಡ್ಡ ಪಾಲು ಫೋನ್ ಕರೆ.

5% ಉಂಗುರ ಬಂದಿದೆ, ವರದಿ ಪ್ರಮಾಣ 0.7 ಅಂದರೆ ಕೈಗೆ ಸಿಕ್ಕ ಬೇಟೆ 7.1%. ಗುಂಡು ತಗುಲಿಯೂ ಜೊಂಡಿನೊಳಗೆ ಬಿದ್ದು ಸಿಗದೆ ಸಾಯುವ ಹಕ್ಕಿಗಳಿಗೆ ಸಾಮಾನ್ಯವಾಗಿ 20% ಬಿಡುತ್ತಾರೆ. 7.1 ಭಾಗಿಸು 0.8, ಸುಮಾರು 8.9%. ಇನ್ನು ಒಟ್ಟು ಬೇಟೆಯ ಸಂಖ್ಯೆಯನ್ನು ಕೈಗೆ ಸಿಕ್ಕ ಪಾಲಿನಿಂದ ಭಾಗಿಸಿದರೆ ಬೇಟೆಗೆ ಮುಂಚೆ ಎಷ್ಟು ಹಕ್ಕಿ ಇದ್ದವು ಅನ್ನುವುದೂ ಬರುತ್ತದೆ. ಮೂರು ಲಕ್ಷ ಬೇಟೆ, 10% ಪಾಲು, ಅಂದರೆ 30 ಲಕ್ಷ ಹಕ್ಕಿ. ಅಮೆರಿಕದ ಪಕ್ಷಿಶಾಸ್ತ್ರಜ್ಞ ಫ್ರೆಡೆರಿಕ್ ಲಿಂಕನ್ 1930ರಲ್ಲಿ ಹೇಳಿಕೊಟ್ಟ ಲೆಕ್ಕ ಇದು, ಇವತ್ತಿಗೂ ಓಡುತ್ತಿದೆ. ಇಲ್ಲಿ ಗುಂಡು ತಗುಲಿ ಕಳೆದುಹೋದವನ್ನು ಸೇರಿಸಿದ 8.9% ಬಳಸಬೇಡಿ. ಮೇಲಿನ ಸಂಖ್ಯೆ ಕೈಗೆ ಸಿಕ್ಕವುಗಳದ್ದಾದರೆ ಕೆಳಗಿನದೂ ಅದೇ ಆಗಿರಬೇಕು.

ಸಂಪಿಗೆರಸ್ತೆ:
ಸರಿ ಸಾರ್, ಲೆಕ್ಕ ಒಪ್ಪಿದೆ. ಆದ್ರೆ ವರ್ಷಕ್ಕೆ ಒಂದು ಕೋಟಿ ಕೊಂದರೂ ಸಂತತಿ ಕುಸಿಯಲ್ಲ ಅಂತಾರಲ್ಲ, ಅದು ಹೇಗೆ? ಬೇಟೆಗಾರರ ಸಂಘದವರು ಹೇಳೋ ಮಾತಿನ ಹಾಗಿದೆ.

ಜೊಂಡಿನಮರೆ:
ಸಂಘದವರಿಗೆ ಇಷ್ಟವಾಗುವ ಮಾತು ಅನ್ನುವುದು ನಿಜ, ಅದಕ್ಕೇ ಅದು ಸುಳ್ಳಾಗಬೇಕಿಲ್ಲ. 1976ರಲ್ಲಿ ಆಂಡರ್‌ಸನ್ ಮತ್ತು ಬರ್ನ್‌ಹ್ಯಾಂ ಎಂಬ ಸಂಶೋಧಕರು ಮಲ್ಲಾರ್ಡ್ ಉಂಗುರಗಳ ದಾಖಲೆ ಹರಡಿಕೊಂಡು ಕೂತು ಈ ಪ್ರಶ್ನೆ ಕೇಳಿದರು. ಬೇಟೆ ಕಡಿಮೆ ಇದ್ದ ವರ್ಷ ಬಾತುಗಳು ಹೆಚ್ಚು ಬದುಕಿದವೇ? ನಿರೀಕ್ಷಿಸಿದಷ್ಟು ಇಲ್ಲ ಅಂತ ಕಂಡಿತು. ಚಳಿಗಾಲದಲ್ಲಿ ಹಸಿವು, ರೋಗ, ನರಿಯಿಂದ ಹೇಗೂ ಸಾಯಬೇಕಿದ್ದ ಹಕ್ಕಿಗಳಲ್ಲಿ ಕೆಲವನ್ನು ಬಂದೂಕು ಮೊದಲೇ ತೆಗೆದುಕೊಂಡಿತು, ಉಳಿದವಕ್ಕೆ ತಿನ್ನಲು ಜಾಗ ಸಿಕ್ಕಿತು. ಇದು ಸರಿದೂಗುವ ಸಾವು. ಒಂದು ಮಿತಿ ದಾಟಿದರೆ ಸರಿದೂಗುವುದಿಲ್ಲ, ಆಮೇಲೆ ಬೀಳುವ ಪ್ರತಿ ಹಕ್ಕಿಯೂ ಹೆಚ್ಚುವರಿ ಸಾವು. ಆ ಮಿತಿ ಎಲ್ಲಿದೆ ಅನ್ನುವುದೇ ಜಗಳ, ಅದು ಇನ್ನೂ ಮುಗಿದಿಲ್ಲ.

ಜಗಳ ಮುಗಿಯುವವರೆಗೆ ಕಾಯಲಾಗದು ಅಂತ 1995ರಲ್ಲಿ ಅಮೆರಿಕದ ವನ್ಯಜೀವಿ ಇಲಾಖೆಯವರು ಬೇರೆ ದಾರಿ ಹಿಡಿದರು. ಮಲ್ಲಾರ್ಡ್ ಸಂಖ್ಯೆ ಊಹಿಸಲು ನಾಲ್ಕು ಲೆಕ್ಕದ ಮಾದರಿ. ಬೇಟೆ ಸರಿದೂಗುತ್ತದೆ ಅಥವಾ ಇಲ್ಲ. ಹಕ್ಕಿ ಹೆಚ್ಚಾದಾಗ ಮರಿ ಆಗುವುದು ಬಲವಾಗಿ ಕುಗ್ಗುತ್ತದೆ ಅಥವಾ ಅಷ್ಟಾಗಿ ಇಲ್ಲ. ಎರಡೆರಡಲೇ ನಾಲ್ಕು. ಪ್ರತಿ ವರ್ಷ ನಾಲ್ಕೂ ಮಾದರಿ ಮುಂದಿನ ಮೇ ತಿಂಗಳ ಸಂಖ್ಯೆಯನ್ನು ಮೊದಲೇ ಹೇಳಬೇಕು. ವಿಮಾನ ಹಾರಿ ಬಂದ ಮೇಲೆ ಯಾರದ್ದು ಹತ್ತಿರ ಬಂತೋ ಅದಕ್ಕೆ ತೂಕ ಏರುತ್ತದೆ, ತಪ್ಪಿದ್ದಕ್ಕೆ ಇಳಿಯುತ್ತದೆ. ಆ ತೂಕದ ಮೇಲೆ ಆಯ್ಕೆ: ಬೇಟೆ ಬಂದ್, ಬಿಗಿ, ಮಧ್ಯಮ, ಸಡಿಲ. ಮಿಸಿಸಿಪ್ಪಿ ಹಾದಿಯಲ್ಲಿ ಸಡಿಲ ಅಂದರೆ 60 ದಿನ, ದಿನಕ್ಕೆ ಆರು ಬಾತು. 1980ರ ದಶಕದ ಕೊನೆಯ ಬರದಲ್ಲಿ ಅದೇ ಹಾದಿಯಲ್ಲಿ 30 ದಿನ, ಮೂರು ಬಾತು ಇತ್ತು.

2016ರ ಬೇಟೆ ಕಾಲದಿಂದ ಒಂದು ಬದಲಾವಣೆ ಆಗಿದೆ. ಆ ವರ್ಷದ ವಿಮಾನ ಹಾರುವ ಮೊದಲೇ, ಹಿಂದಿನ ವರ್ಷದ ಸಂಖ್ಯೆ ಇಟ್ಟುಕೊಂಡು ನಿಯಮ ಬರೆಯುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನಿಸಬಹುದು. ಆದರೆ ಮಾದರಿಯ ಅಂದಾಜು ಸಾಕಷ್ಟು ಹತ್ತಿರ ಬರುತ್ತಿದ್ದರಿಂದಲೇ ಆ ಧೈರ್ಯ.

ಇನ್ನು ಕುಸಿತ ಎಲ್ಲಿಂದ ಬರುತ್ತದೆ ಅನ್ನುವುದು. 2002ರಲ್ಲಿ ಮಲ್ಲಾರ್ಡ್ ಸಂತತಿ ಏರಿಳಿತದ ಕಾರಣಗಳನ್ನು ಬಿಡಿಸಿ ನೋಡಿದಾಗ ಗೂಡಿನ ಯಶಸ್ಸು, ಅಂದರೆ ಮೊಟ್ಟೆ ಒಡೆದು ಮರಿ ಬರುವುದು, ಒಂದೇ 43% ವಿವರಿಸಿತು. ಗೂಡು ಕಟ್ಟುವ ಕಾಲದಲ್ಲಿ ಹೆಣ್ಣು ಬದುಕುಳಿಯುವುದು 19%, ಮರಿ ಬದುಕುಳಿಯುವುದು 14%. ಉಳಿದ ಕಾಲದಲ್ಲಿ ಹೆಣ್ಣು ಬದುಕುಳಿಯುವುದು 9%, ಬೇಟೆ ಬರುವುದು ಇದರೊಳಗೆ. ಹುಲ್ಲುಗಾವಲಿನಲ್ಲಿ ಮಲ್ಲಾರ್ಡ್ ಸಂತತಿ ತನ್ನನ್ನು ತಾನೇ ಉಳಿಸಿಕೊಳ್ಳಲು ನೂರು ಗೂಡಿನಲ್ಲಿ ಸುಮಾರು ಹದಿನೈದು ಗೆದ್ದರೆ ಸಾಕು. ಕೇಳಲು ಎಷ್ಟು ಕಡಿಮೆ! ಎಷ್ಟೋ ಕಡೆ ಅದೂ ಆಗುವುದಿಲ್ಲ, ಯಾಕೆಂದರೆ ಹುಲ್ಲು ಉತ್ತು ಉಳಿದದ್ದು ಒಂದು ಪಟ್ಟಿ. ಕೆಂಪು ನರಿಗೆ, ಮೊಟ್ಟೆ ಕದಿಯುವ ಸ್ಕಂಕ್ ಎಂಬ ಪುಟ್ಟ ಪ್ರಾಣಿಗೆ ಅದೇ ಪಟ್ಟಿ ಉದ್ದಕ್ಕೂ ಮೂಗಾಡಿಸಿಕೊಂಡು ಹೋದರೆ ಗೂಡು ಒಂದಾದ ಮೇಲೊಂದು ಸಿಗುತ್ತವೆ.

ನೀರಿನ ಕಥೆಯೂ ಇದೇ. ಮೇ ಸಮೀಕ್ಷೆಯಲ್ಲಿ ಬಾತಿನ ಜೊತೆ ಹೊಂಡಗಳನ್ನೂ ಎಣಿಸುತ್ತಾರೆ. ಹಿಮ ಕರಗಿ ತುಂಬಿದ ಮೊಣಕಾಲುದ್ದದ ಗುಂಡಿಗಳಲ್ಲಿ ಹುಳುಹುಪ್ಪಟೆ ಬೇಗ ಆಗುತ್ತವೆ, ಮೊಟ್ಟೆ ಕಟ್ಟಲು ಹೆಣ್ಣಿಗೆ ಬೇಕಾದ ಪ್ರೋಟೀನ್ ಅಲ್ಲಿದೆ. ನೀರಿದ್ದ ವರ್ಷ ಮೊದಲ ಗೂಡು ಹಾಳಾದ ಮಲ್ಲಾರ್ಡ್ ಎರಡನೆಯದು, ಮೂರನೆಯದು ಕಟ್ಟುತ್ತದೆ. ಸೂಜಿಬಾಲದ ಬಾತು ಹಾಗಲ್ಲ. ಕೊಯ್ದ ಗದ್ದೆಯ ಕೂಳೆಯಲ್ಲೇ ಬೇಗ ಗೂಡು ಮಾಡುತ್ತದೆ, ಟ್ರ್ಯಾಕ್ಟರ್ ಬಂದು ಉತ್ತುಹೋದರೆ ಮತ್ತೆ ಕಟ್ಟುವುದು ಕಡಿಮೆ. ಮಲ್ಲಾರ್ಡ್ ಚೇತರಿಸಿಕೊಂಡ ವರ್ಷಗಳಲ್ಲೂ ಅದು ಮೇಲೇಳಲಿಲ್ಲ, ದಿನಕ್ಕೆ ಒಂದೇ ಎಂಬ ಮಿತಿ ವರ್ಷಗಟ್ಟಲೆ ಇಟ್ಟರೂ.

ಪಟ್ಟೆತಲೆ:
ಇಷ್ಟಕ್ಕೇ ನಿಲ್ಲಿಸಿದರೆ "ಬೇಟೆಯಿಂದ ಏನೂ ಆಗದು" ಅಂತ ಓದುಗರು ಎದ್ದುಹೋಗುತ್ತಾರೆ. ಬಾತಿನ ಲೆಕ್ಕ ಹೆಬ್ಬಾತಿಗೆ ಹಚ್ಚಬೇಡಿ. ಮಲ್ಲಾರ್ಡ್ ಹೆಣ್ಣು ವರ್ಷದಿಂದ ವರ್ಷಕ್ಕೆ ಬದುಕುಳಿಯುವುದು ನೂರಕ್ಕೆ 55-60. ಹೆಬ್ಬಾತು 80ರಿಂದ 90. ಬಾತು ಮರುವರ್ಷವೇ ಮೊಟ್ಟೆ ಇಡುತ್ತದೆ, ಹೆಬ್ಬಾತು ಎರಡು ಮೂರು ವರ್ಷ ಕಾಯುತ್ತದೆ. ಹೇಗೂ ಸಾಯಬೇಕಿದ್ದವು ಅಲ್ಲಿ ಹೆಚ್ಚಿಲ್ಲ, ಆದ್ದರಿಂದ ಸರಿದೂಗಲು ಏನೂ ಉಳಿದಿಲ್ಲ. ಬಲಿತ ಹೆಬ್ಬಾತೊಂದು ಬಿದ್ದರೆ ಮುಂದಿನ ಹತ್ತು ವರ್ಷದ ಗೂಡುಗಳೂ ಅದರೊಂದಿಗೆ ಬಿದ್ದವು.

ಹೀಗಿದ್ದರೂ ತಮಾಷೆ ನೋಡಿ. ಹಿಮ ಹೆಬ್ಬಾತುಗಳು ಚಳಿಗಾಲದಲ್ಲಿ ದಕ್ಷಿಣದ ಭತ್ತ, ಜೋಳದ ಹೊಲದಲ್ಲಿ ಪುಗಸಟ್ಟೆ ಕಾಳು ತಿಂದು ಮಿತಿಮೀರಿ ಹೆಚ್ಚಿದವು. ಹಡ್ಸನ್ ಕೊಲ್ಲಿಯ ಉಪ್ಪುಜೌಗಿನ ಹುಲ್ಲನ್ನು ಬೇರುಸಹಿತ ಕಿತ್ತವು. ಬರಿದಾದ ಮಣ್ಣಿನಿಂದ ನೀರು ಆವಿಯಾಗಿ ಉಪ್ಪು ಮೇಲೆ ಬಂತು, ಹುಲ್ಲು ಮತ್ತೆ ಹುಟ್ಟಲಿಲ್ಲ. 1999ರಲ್ಲಿ ಅಮೆರಿಕ ಕೈ ಬಿಚ್ಚಿತು: ದಿನದ ಮಿತಿ ಇಲ್ಲ, ವಸಂತಕಾಲದಲ್ಲೂ ಹೊಡೆಯಬಹುದು, ಹಕ್ಕಿಯ ಕೂಗು ಕೇಳಿಸಿ ಕರೆಯುವ ಧ್ವನಿಯಂತ್ರ ಬಳಸಬಹುದು. ಬೇಟೆಯ ಸಂಖ್ಯೆ ಏರಿತು, ಬಲಿತ ಹಕ್ಕಿಗಳ ಬದುಕುಳಿಯುವಿಕೆ ಹೆಚ್ಚೇನೂ ಅಲುಗಲಿಲ್ಲ. ಹಕ್ಕಿ ಅಷ್ಟೊಂದು ಇದ್ದಾಗ ಬಿದ್ದವುಗಳ ಪಾಲು ಚಿಕ್ಕದು. ಆಮೇಲೆ ಅವು ಇಳಿಯತೊಡಗಿದ್ದು ಮರಿ ಬದುಕದೆ ಹೋದದ್ದರಿಂದ. ಬೇಟೆಯಲ್ಲಿ ಮರಿಗಳ ಪಾಲು ವರ್ಷ ವರ್ಷ ಇಳಿಯುತ್ತಿದ್ದದ್ದೇ ಮುನ್ಸೂಚನೆ. ಈ ಜಾತಿಯಲ್ಲಿ ಬೂದು ಮೈಯ ಮರಿ ದೂರದಿಂದಲೇ ಗೊತ್ತಾಗುತ್ತದೆ, ರೆಕ್ಕೆ ಲಕೋಟೆಗೂ ಕಾಯಬೇಕಿಲ್ಲ.

ಬ್ರೆಂಟ್ ಹೆಬ್ಬಾತಿನಲ್ಲಿ ಇನ್ನೂ ಚೊಕ್ಕ. ಸೈಬೀರಿಯದ ತೈಮೀರ್‌ನಲ್ಲಿ ಗೂಡು, ಇಂಗ್ಲೆಂಡ್ ಮತ್ತು ಹಾಲೆಂಡ್ ಕಡಲ ತೀರದಲ್ಲಿ ಚಳಿಗಾಲ. ಲೆಮ್ಮಿಂಗ್ ಇಲಿ ತುಂಬಿದ ವರ್ಷ ನರಿಗಳು ಇಲಿ ತಿಂದು ಸುಮ್ಮನಿರುತ್ತವೆ, ಹೆಬ್ಬಾತಿನ ಮಂದೆಯಲ್ಲಿ ಮೂರಕ್ಕೊಂದು ಮರಿ ಇರಬಹುದು. ಇಲಿ ಕುಸಿದ ವರ್ಷ ನರಿ ಗೂಡಿಗೆ ಬಾಯಿ ಹಾಕುತ್ತದೆ, ಸಾವಿರ ಹಕ್ಕಿಯ ಮಂದೆಯಲ್ಲಿ ಬೆರಳೆಣಿಕೆ ಮರಿ. ಬಂದೂಕಿಗೆ ಇದರಲ್ಲಿ ಪಾತ್ರವೇ ಇಲ್ಲ.

ಸಂಪಿಗೆರಸ್ತೆ:
ಇದೆಲ್ಲ ಓದಿದ ಯಾರೋ ಇಲ್ಲೂ ಲೈಸೆನ್ಸ್ ಕೊಡಿ ಅಂತ ಅರ್ಜಿ ಹಾಕದಿದ್ರೆ ಸಾಕು.

ರೆಕ್ಕೆಪುಕ್ಕ:
ಹಾಕಿದರೂ ಕಾನೂನು ಬಿಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆ, 1991ರ ತಿದ್ದುಪಡಿ ನಂತರ ಲೈಸೆನ್ಸ್ ಬೇಟೆಯ ಬಾಗಿಲೇ ಮುಚ್ಚಿದೆ. ಅಲ್ಲಿ ಬೇಟೆ ಲೆಕ್ಕ ನಿಂತಿರುವುದು ವಿಮಾನ, ಉಂಗುರ, ಲಕೋಟೆ, 1934ರಿಂದ ಹದಿನಾರು ತುಂಬಿದ ಪ್ರತಿ ಬಾತು ಬೇಟೆಗಾರ ಕೊಳ್ಳಲೇಬೇಕಾದ 'ಡಕ್ ಸ್ಟಾಂಪ್' ಪರವಾನಗಿ ಚೀಟಿಯ ಹಣ, ಇವುಗಳ ಮೇಲೆ. ಇವು ಒಂದೂ ಇಲ್ಲದೆ ಬರೀ ಬಂದೂಕು ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ರಾಜಸ್ಥಾನದ ಭರತ್‌ಪುರ ಪಕ್ಷಿಧಾಮದಲ್ಲಿ ಬೇಟೆಯ ಸಂಖ್ಯೆ ಕೆತ್ತಿದ ಕಲ್ಲು ನೋಡಬಹುದು. 1938ರ ನವೆಂಬರ್ 12ರಂದು, ವೈಸ್‌ರಾಯ್ ಲಾರ್ಡ್ ಲಿನ್ಲಿತ್‌ಗೋ ಬಂದಿದ್ದ ದಿನ, 4,273 ಹಕ್ಕಿ. ಅದರಲ್ಲಿ ಮರಿ ಎಷ್ಟು, ಬಲಿತವು ಎಷ್ಟು ಅಂತ ಯಾರೂ ಬರೆದಿಲ್ಲ. ನಮ್ಮ ಪ್ರಶ್ನೆಗೆ ಆ ಕಲ್ಲಿನಿಂದ ಕಾಸಿನ ಉಪಯೋಗ ಇಲ್ಲ.

ಕೆರೆಕೋಡಿ:
ನನ್ನ ಮೂರನೆಯ ಪ್ರಶ್ನೆ ಬಾಕಿ ಇದೆ. ನಾವು ಜನವರಿಯಲ್ಲಿ ಬರೀ ತಲೆ ಎಣಿಸುತ್ತೇವೆ. ಅದರ ಜೊತೆ ಮರಿ ಅನುಪಾತವನ್ನೂ ತೆಗೆಯಬಹುದಾ?

ಪಟ್ಟೆತಲೆ:
ಪಟ್ಟೆತಲೆ ಹೆಬ್ಬಾತಿನಲ್ಲಿ ಖಂಡಿತ ಆಗುತ್ತದೆ. ಬೆಂಗಳೂರಿನ ಕೆರೆಗಳಲ್ಲಿ ಅದು ಅಪರೂಪ. ಗದಗದ ಮಾಗಡಿ ಕೆರೆ, ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನ ಕೆರೆಗೆ ಹೋಗಬೇಕು. ಹದಿನಾರಿನಲ್ಲಿ ಮಂಗೋಲಿಯದಲ್ಲಿ ಕತ್ತಿನ ಪಟ್ಟಿ ಹಾಕಿಸಿಕೊಂಡ ಹಕ್ಕಿಗಳೂ ಕಂಡಿವೆ. ಬಲಿತದ್ದಕ್ಕೆ ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಆ ವರ್ಷದ ಮರಿಗೆ ಪಟ್ಟೆ ಇಲ್ಲ, ನೆತ್ತಿ ಮತ್ತು ಕತ್ತಿನ ಹಿಂಭಾಗ ಒಂದೇ ಬೂದುಗಂದು, ಹಣೆಗೆ ಟೋಪಿ ಎಳೆದುಕೊಂಡ ಹಾಗೆ. ನವೆಂಬರ್‌ನಿಂದ ಜನವರಿ ಆರಂಭದೊಳಗೆ ಮುಗಿಸಿ. ಆಮೇಲೆ ಗರಿ ಬದಲಾಗುತ್ತಾ ಅನುಮಾನ ಹೆಚ್ಚುತ್ತದೆ.

ಎಣಿಸುವ ಬಗೆ ಹೀಗೆ. ಸೂರ್ಯ ಬೆನ್ನಿಗಿರಲಿ, ಸ್ಕೋಪ್ 20ರಿಂದ 30 ಪಟ್ಟು ಸಾಕು, 60ಕ್ಕೆ ಏರಿಸಿದರೆ ಬಿಸಿಲಿನ ಝಳದಲ್ಲಿ ತಲೆ ಅಲುಗಾಡಿ ಪಟ್ಟೆಯೇ ಕಾಣದು. ಮಂದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ಕೋಪ್ ತಿರುಗಿಸಿ. ತಲೆ ಸ್ಪಷ್ಟ ಕಂಡ 50 ಹಕ್ಕಿ ಆದ ಕೂಡಲೇ ಒಂದು ಸಾಲು ಬರೆಯಿರಿ. ತಲೆ ರೆಕ್ಕೆಯೊಳಗೆ ತುರುಕಿ ಮಲಗಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಊಹಿಸಿ ಬಲಿತದ್ದು ಅಂತ ಬರೆಯುವುದು ಎಲ್ಲರೂ ಮಾಡುವ ತಪ್ಪು. ಹತ್ತು ಸಾಲಾಗಲಿ. ಎಲ್ಲ ಸಾಲೂ ಮಂದೆಯ ಅಂಚಿನದ್ದೇ ಆಗಬಾರದು. ಸಂಸಾರಗಳು ಚಳಿಗಾಲದಲ್ಲೂ ಒಟ್ಟಿಗಿರುತ್ತವೆ ಮತ್ತು ಸಾಮಾನ್ಯವಾಗಿ ಅಂಚಿನಲ್ಲೇ ಮೇಯುತ್ತವೆ. ಅಂಚು ಮಾತ್ರ ಎಣಿಸಿದವರಿಗೆ ಸಮೃದ್ಧಿ, ನಡು ಮಾತ್ರ ಎಣಿಸಿದವರಿಗೆ ಬರಗಾಲ.

ಲೆಕ್ಕದಪುಸ್ತಕ:
ಸೇರಿಸುತ್ತೇನೆ. 500ರಲ್ಲಿ 90 ಮರಿ ಸಿಕ್ಕಿದರೆ 18%. ಪುಸ್ತಕದ ಸೂತ್ರದ ಪ್ರಕಾರ ಆಚೀಚೆ ಸುಮಾರು 3.4. ಅದನ್ನು ನಂಬಬೇಡಿ, ಆ ಸೂತ್ರ ಪ್ರತಿ ಹಕ್ಕಿಯೂ ಬಿಡಿ ಅಂದುಕೊಳ್ಳುತ್ತದೆ. ಇಲ್ಲಿ ಮೂರು ಮರಿ, ಅಪ್ಪ, ಅಮ್ಮ ಒಟ್ಟಿಗೇ ಬರುತ್ತವೆ. ಹತ್ತು ಸಾಲುಗಳ ನಡುವಿನ ಏರಿಳಿತದಿಂದಲೇ ಅಂತರ ಲೆಕ್ಕ ಹಾಕಿ. ಸಾಲುಗಳನ್ನು ಕೂಡಿಸಿ ಒಂದೇ ಮೊತ್ತ ಬರೆದು ಹಾಳೆ ಬಿಸಾಡಿದರೆ ಅದು ಆಗದು, ಹಾಗಾಗಿ ಸಾಲು ಸಾಲಾಗಿಯೇ ಇಟ್ಟುಕೊಳ್ಳಿ.

ಒಟ್ಟು ಸಂಖ್ಯೆ ಮತ್ತು ಮರಿ ಪಾಲು ಎರಡೂ ಇದ್ದರೆ ಏನು ಲಾಭ? ಒಂದು ಚಳಿಗಾಲ ಒಟ್ಟು ಇಳಿಯಿತು, ಮರಿ ಪಾಲು ಮಾಮೂಲಿ ಇದೆ ಅಂದರೆ ಹೊಡೆತ ಬಿದ್ದದ್ದು ಬಲಿತ ಹಕ್ಕಿಗಳ ಮೇಲೆ, ಇಲ್ಲವೇ ಮಂದೆ ಬೇರೆ ಕೆರೆಗೆ ಹೋಗಿದೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರದಿಂದ ಸಾವಿರಾರು ನೀರುಹಕ್ಕಿ ಸತ್ತವಲ್ಲ, ಪಟ್ಟೆತಲೆಗಳೇ ಬಹಳ, ಅಂಥದ್ದು. ಒಟ್ಟೂ ಇಳಿದು ಮರಿ ಪಾಲೂ ಇಳಿದರೆ ಗೂಡಿನ ಕಡೆ ನೋಡಬೇಕು.

ರೆಕ್ಕೆಪುಕ್ಕ:
ಬಿಳಿಹುಬ್ಬಿನ ಬಾತಿನಲ್ಲಿ ಇದನ್ನು ಮಾಡಲು ಹೋಗಬೇಡಿ. ನಮ್ಮ ಕೆರೆಗಳಲ್ಲಿ ಅದೇ ಹೆಚ್ಚು, ಆಸೆ ಆಗುವುದು ಸಹಜ. ನವೆಂಬರ್‌ನಲ್ಲಿ ಮಂದೆಯ ಎಲ್ಲವೂ ಕಂದು, ಹೆಣ್ಣೂ, ಮರಿಯೂ, ಗೂಡಿನ ಕಾಲ ಮುಗಿದ ಮೇಲೆ ಬರುವ ಮಂಕು ಗರಿಯಲ್ಲಿರುವ ಗಂಡೂ. ಈ ಜಾತಿಯ ಗಂಡು ಮಂಕು ಗರಿ ಬಿಡುವುದು ಬಹಳ ತಡ, ಕೆಲವು ಜನವರಿ ದಾಟಿದರೂ ಹುಬ್ಬು ಬರೆದುಕೊಂಡಿರುವುದಿಲ್ಲ. ಡಿಸೆಂಬರ್‌ನಲ್ಲಿ "ಗಂಡು 10%" ಅಂತ ಬರೆದ ಹಾಳೆಗಳೆಲ್ಲ ಈ ಕಾರಣಕ್ಕೆ ವ್ಯರ್ಥ. ಹಾರಿದಾಗ ರೆಕ್ಕೆಯ ಮುಂಭಾಗ ತಿಳಿ ನೀಲಿಬೂದು ಕಂಡರೆ ಗಂಡು, ಅಷ್ಟು ಮಾತ್ರ ಹೇಳಬಹುದು. ಆದರೆ ಹಾರಲಿ ಅಂತ ಎಬ್ಬಿಸಬೇಡಿ, ಗಿಡುಗ ಬರುವವರೆಗೆ ಕಾಯಿರಿ.

ಜೊಂಡಿನಮರೆ:
ಬೆಂಗಳೂರಿನಲ್ಲೇ ಮರಿ ಲೆಕ್ಕ ಬೇಕಿದ್ದರೆ ಇಲ್ಲೇ ಗೂಡು ಮಾಡುವ ಚುಕ್ಕೆಕೊಕ್ಕಿನ ಬಾತು ಇದೆ. ಇದರಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ಥರ, ಕೊಕ್ಕಿನ ಬುಡದ ಕೆಂಪು ಚುಕ್ಕೆ ಗಂಡಿನಲ್ಲಿ ಎದ್ದು ಕಾಣುತ್ತದೆ ಅಷ್ಟೇ. ಆದ್ದರಿಂದ ಒಂಟಿ ಗಂಡು ಅಂದರೆ ಜೋಡಿ ಅನ್ನುವ ಅಮೆರಿಕದ ಉಪಾಯ ಇಲ್ಲಿ ನಡೆಯದು, ಜೋಡಿಯನ್ನೇ ಕಣ್ಣಾರೆ ಎಣಿಸಬೇಕು. ಬೆಳಗ್ಗೆ ಬೆಳಕು ಹರಿದ ಮೊದಲ ಎರಡು ಗಂಟೆ, ಏರಿಯ ಮೇಲಿನ ಗೊತ್ತಾದ ಜಾಗಗಳಿಂದ, ಎರಡು ವಾರಕ್ಕೊಮ್ಮೆ. ತಾಯಿ ಜೊತೆ ಮರಿ ಕಂಡರೆ ಎಷ್ಟು ಮತ್ತು ಯಾವ ಹಂತ ಬರೆಯಿರಿ: ಪೂರ್ತಿ ತುಪ್ಪಳ ಒಂದು, ಗರಿ ತುಪ್ಪಳ ಎರಡೂ ಬೆರೆತರೆ ಎರಡು, ಪೂರ್ತಿ ಗರಿ ಬಂದರೂ ಹಾರಲಾರದ್ದು ಮೂರು. ಹಂತ ಬರೆಯದಿದ್ದರೆ ಹೋದ ವಾರದ ಸಂಸಾರವನ್ನೇ ಈ ವಾರ ಹೊಸದೆಂದು ಎಣಿಸುತ್ತೀರಿ.

ಇಲ್ಲೊಂದು ಬಲೆ ಇದೆ. 20 ಜೋಡಿ ಇದ್ದ ಕೆರೆಯಲ್ಲಿ ಐದು ಸಂಸಾರ ಕಂಡವು, ತಲಾ ಆರು ಮರಿ. "ಸರಾಸರಿ ಆರು ಮರಿ" ಅಂತ ಬರೆದರೆ ಎಲ್ಲರಿಗೂ ಖುಷಿ. ಎಲ್ಲವನ್ನೂ ಕಳೆದುಕೊಂಡ 15 ಜೋಡಿ ಆ ಸರಾಸರಿಯಲ್ಲಿ ಇಲ್ಲ. 30 ಮರಿ ಭಾಗಿಸು 20 ಜೋಡಿ, ಅಂದರೆ 1.5. ಬರೆಯಬೇಕಾದದ್ದು ಇದು.

ಯಾಕೆ ಕಳೆದುಕೊಂಡವು ಅನ್ನುವ ಕಾಲಂ ಕೂಡ ಇರಲಿ. ಜೊಂಡು ತೆಗೆಸಿದ ದಿನಾಂಕ, ನೀರಿನ ಮಟ್ಟ, ದಡದಲ್ಲಿ ನಾಯಿ. ಕೆರೆ ಅಭಿವೃದ್ಧಿ ಹೆಸರಲ್ಲಿ ಅಂಚನ್ನು ಬಟ್ಟಲಿನ ಹಾಗೆ ಕೊರೆದು ಕಲ್ಲು ಜೋಡಿಸಿದ ಕಡೆ ಮರಿ ಮೇಯುವ ಮೊಣಕಾಲುದ್ದದ ನೀರೇ ಇರುವುದಿಲ್ಲ. ಜೋಡಿಗಳು ಈಜಾಡುತ್ತಿರುತ್ತವೆ, ಸಂಸಾರ ಕಾಣುವುದಿಲ್ಲ.

ಕೆರೆಕೋಡಿ:
ಗಣತಿ ಹಾಳೆಗೆ ಮೂರು ಕಾಲಂ ಸೇರಿಸುತ್ತಿದ್ದೇನೆ: ಜೋಡಿ, ಸಂಸಾರ, ಮರಿ ಮತ್ತು ಹಂತ. ಮಳೆ ಚೆನ್ನಾಗಿ ಆಗಿ ಕೋಲಾರ, ತುಮಕೂರು ಕಡೆ ಕೆರೆಗಳೆಲ್ಲ ಕೋಡಿ ಬಿದ್ದ ವರ್ಷ ನಮ್ಮಲ್ಲಿ ಬಾತು ಕಡಿಮೆ ಕಾಣುತ್ತವಲ್ಲ, ಅದನ್ನು ಹೇಗೆ ತೋರಿಸುವುದು?

ಲೆಕ್ಕದಪುಸ್ತಕ:
ಪ್ರತಿ ಕೆರೆಯ ಪಕ್ಕ ಆ ದಿನದ ನೀರಿನ ಮಟ್ಟ ಬರೆಯಿರಿ, ತೂಬಿನ ಕಲ್ಲಿನ ಎಷ್ಟನೇ ಮೆಟ್ಟಿಲು ಮುಳುಗಿದೆ ಅಂತ ಬರೆದರೂ ಸಾಕು. ಎಣಿಸಲು ಹೋಗಿ ಒಂದೂ ಹಕ್ಕಿ ಕಾಣದ ಕೆರೆಗೆ ಸೊನ್ನೆ ಹಾಕಿ. ಹೋಗದ ಕೆರೆಗೆ ಅಡ್ಡಗೆರೆ. ಕಳೆದ ಸಲ ಎರಡಕ್ಕೂ ಖಾಲಿ ಬಿಟ್ಟಿದ್ದರಿಂದ ಹನ್ನೊಂದು ಕೆರೆಗಳ ಸಾಲನ್ನು ಬಳಸಲಾಗಲಿಲ್ಲ.